ಕೊಚ್ಚಿಗೆ ಹೊರಟ ಹಡಗಿನ ಮೇಲೆ ಲೈಬೀರಿಯಾದ ಬಾವುಟ ಯಾಕಿತ್ತು?

2025ರ ಮೇ ಕೊನೆಯ ವಾರ ಕೇರಳದ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಒಂದು ಬದಿಗೆ ವಾಲಿ, ಮರುದಿನ ಮುಳುಗಿತು. ಹೊರಟದ್ದು ವಿಳಿಂಞದಿಂದ, ಸೇರಬೇಕಿದ್ದದ್ದು ಕೊಚ್ಚಿಗೆ. ಎರಡೂ ಒಂದೇ ರಾಜ್ಯದ ಬಂದರುಗಳು. ಹಡಗಿನಲ್ಲಿ 640 ಕಂಟೇನರ್‌ಗಳಿದ್ದವು. ಅವುಗಳಲ್ಲಿ ಕೆಲವು ಒಡೆದು, ಒಳಗಿದ್ದ ಪ್ಲಾಸ್ಟಿಕ್ ಹರಳುಗಳು ವಾರಗಟ್ಟಲೆ ದಡಕ್ಕೆ ಬಂದು ಬೀಳುತ್ತಲೇ ಇದ್ದವು. 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಕೇರಳ ಸರ್ಕಾರ ಹೈಕೋರ್ಟಿಗೆ ಹೋಯಿತು.

ಆ ಗದ್ದಲದಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದೆ ಹೋದ ಒಂದು ವಿವರವಿದೆ. ಹಡಗಿನ ಮೇಲಿದ್ದ ಬಾವುಟ ಲೈಬೀರಿಯಾದ್ದು, ಅಂದರೆ ಅದು ನೋಂದಣಿಯಾಗಿದ್ದು ಆಫ್ರಿಕಾದ ಆ ದೇಶದಲ್ಲಿ. 24 ಮಂದಿ ಸಿಬ್ಬಂದಿಯಲ್ಲಿ 20 ಜನ ಫಿಲಿಪೀನ್ಸಿನವರು, ಉಳಿದವರು ಉಕ್ರೇನ್, ಜಾರ್ಜಿಯಾ, ರಷ್ಯಾದವರು. ಕೇರಳದಿಂದ ಕೇರಳಕ್ಕೆ ಹೊರಟ ಹಡಗಿನಲ್ಲಿ ಭಾರತೀಯ ಒಬ್ಬನೂ ಇರಲಿಲ್ಲ.

ಇದಾಗಿ ಮೂರು ತಿಂಗಳೊಳಗೆ ಸಂಸತ್ತು ಕರಾವಳಿ ಹಡಗು ಸಾಗಾಟ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 9ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ನಮ್ಮ ಕರಾವಳಿಯ ವ್ಯಾಪಾರ ನಮ್ಮ ಹಡಗುಗಳಿಗೆ ಎಂದು ಒಂದು ಕಡೆ ಹೇಳುವ ಈ ಕಾಯ್ದೆ, ಪರವಾನಗಿ ಪಡೆದ ವಿದೇಶಿ ಹಡಗು ಬರಬಹುದು ಎಂದು ಇನ್ನೊಂದು ಕಡೆ ಹೇಳುತ್ತದೆ. ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಹಡಗು ಕಟ್ಟುವ ಉದ್ಯಮಕ್ಕೆ 69,725 ಕೋಟಿ ರೂಪಾಯಿಯ ಪ್ಯಾಕೇಜನ್ನೂ ಒಪ್ಪಿತು. ಹಾಗಾದರೆ ಸರ್ಕಾರ ಬಾಗಿಲು ತೆರೆಯುತ್ತಿದೆಯೋ, ಮುಚ್ಚುತ್ತಿದೆಯೋ? ಸುದ್ದಿ ಓದಿದವರಿಗೆ ಗೊಂದಲವಾಗಿದ್ದರೆ ಅದು ಅವರ ತಪ್ಪಲ್ಲ. ಸರ್ಕಾರ ಎರಡನ್ನೂ ಒಟ್ಟಿಗೆ ಮಾಡುತ್ತಿದೆ.

ಬೀಗ ಒಂದೇ ಅಲ್ಲ, ನಾಲ್ಕು

ವಿಮಾನದ ಉದಾಹರಣೆ ತೆಗೆದುಕೊಂಡರೆ ವಿಷಯ ಬೇಗ ಹಿಡಿತಕ್ಕೆ ಸಿಗುತ್ತದೆ. ದುಬೈನ ವಿಮಾನ ಕಂಪನಿ ನಿಮ್ಮನ್ನು ದುಬೈಯಿಂದ ಬೆಂಗಳೂರಿಗೆ ಕರೆತರಬಹುದು. ಆದರೆ ಬೆಂಗಳೂರಿನಿಂದ ಮಂಗಳೂರಿಗೆ ಟಿಕೆಟ್ ಮಾರುವಂತಿಲ್ಲ. ದೇಶದೊಳಗಿನ ಎರಡು ಊರುಗಳ ನಡುವಿನ ಸಾಗಾಟವನ್ನು ಸ್ವದೇಶಿ ಕಂಪನಿಗಳಿಗೆ ಕಾದಿರಿಸುವ ಈ ಕ್ರಮಕ್ಕೆ ಕ್ಯಾಬೊಟಾಜ್ ಎಂದು ಹೆಸರು. ಅದೇ ನಿಯಮ ಕಡಲಿಗೆ ಅನ್ವಯಿಸಿದಾಗ, ಕಾಂಡ್ಲಾದಿಂದ ಕೊಚ್ಚಿಗೆ ಹೋಗುವ ಸರಕು ಸ್ವದೇಶಿ ಹಡಗಿನಲ್ಲೇ ಹೋಗಬೇಕಾಗುತ್ತದೆ.

ಆದರೆ ಯಾವ ಹಡಗು 'ಸ್ವದೇಶಿ'? ಇಡೀ ಜಗಳದ ಬೇರು ಈ ಪ್ರಶ್ನೆಯಲ್ಲಿದೆ. ಉತ್ತರವಾಗಿ ನಾಲ್ಕು ಷರತ್ತು ಹಾಕಬಹುದು: ಬಾವುಟ ನಮ್ಮದಾಗಿರಬೇಕು, ಮಾಲೀಕರು ನಮ್ಮವರಾಗಿರಬೇಕು, ನಾವಿಕರು ನಮ್ಮವರಾಗಿರಬೇಕು, ಹಡಗನ್ನು ಕಟ್ಟಿದ್ದೂ ನಮ್ಮ ನೆಲದಲ್ಲೇ ಆಗಿರಬೇಕು. ಕೆಲವು ದೇಶಗಳು ಮೊದಲ ಒಂದೆರಡಕ್ಕೇ ತೃಪ್ತಿಪಡುತ್ತವೆ. ಅಮೆರಿಕ ನಾಲ್ಕನ್ನೂ ಹಾಕಿ ಭದ್ರವಾಗಿ ಬೀಗ ಜಡಿದಿದೆ. ಭಾರತದ ಹಳೆಯ ಕಾನೂನಿಗೆ ನಾಲ್ಕನೆಯದರ ಗೊಡವೆ ಇರಲಿಲ್ಲ. ಕೊರಿಯಾದಲ್ಲಿ ಕಟ್ಟಿದ ಹಡಗನ್ನು ತಂದು, ಮುಂಬೈಯಲ್ಲಿ ನೋಂದಾಯಿಸಿ, ನಮ್ಮ ಬಾವುಟ ಹಾರಿಸಿದರೆ ಅದು ಭಾರತದ ಹಡಗೇ.

ಕ್ಯಾಬೊಟಾಜ್ ಬೇಕೋ ಬೇಡವೋ ಎಂದು ಒಂದೇ ಮಾತಿನಲ್ಲಿ ಕೇಳುವವರು ಈ ನಾಲ್ಕನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ. ನಾಲ್ಕರ ಬೆಲೆಯೂ ಒಂದೇ ಅಲ್ಲ.

ಸ್ವದೇಶಿ ಚಳವಳಿಯ ಕೂಸು

ನಮ್ಮಲ್ಲಿ ಈ ರಕ್ಷಣೆಯ ಬೇಡಿಕೆ ಅರ್ಥಶಾಸ್ತ್ರಜ್ಞರ ಮೇಜಿನಿಂದ ಬಂದದ್ದಲ್ಲ. 1906ರಲ್ಲಿ ವಿ.ಓ. ಚಿದಂಬರಂ ಪಿಳ್ಳೈ ತೂತ್ತುಕುಡಿ ಮತ್ತು ಕೊಲಂಬೊ ನಡುವೆ ಓಡಿಸಲು ಸ್ವದೇಶಿ ಹಡಗು ಕಂಪನಿ ಕಟ್ಟಿದರು. ಅಲ್ಲಿಯವರೆಗೆ ಆ ದಾರಿಯಲ್ಲಿ ಬ್ರಿಟಿಷ್ ಕಂಪನಿಯದೇ ಏಕಸ್ವಾಮ್ಯ. ಅದು ಟಿಕೆಟ್ ದರವನ್ನು ಇಳಿಸುತ್ತಾ ಹೋಗಿ, ಕೊನೆಗೆ ಪ್ರಯಾಣವನ್ನೇ ಪುಕ್ಕಟೆ ಮಾಡಿತು, ಹತ್ತಿದವರಿಗೆ ಕೊಡೆಯನ್ನೂ ಕೊಟ್ಟಿತು ಎನ್ನುತ್ತದೆ ಇತಿಹಾಸ. 1908ರಲ್ಲಿ ಚಿದಂಬರಂ ಪಿಳ್ಳೈ ಜೈಲು ಸೇರಿದರು. ಕೆಲವೇ ವರ್ಷಗಳಲ್ಲಿ ಕಂಪನಿ ಮುಚ್ಚಿತು.

ಕಿಸೆ ದೊಡ್ಡದಿರುವ ಹೊರಗಿನವನು ನಷ್ಟ ಮಾಡಿಕೊಂಡಾದರೂ ಸ್ಥಳೀಯನನ್ನು ಮುಳುಗಿಸಬಲ್ಲ, ಆಮೇಲೆ ದರ ಏರಿಸಬಲ್ಲ ಎಂಬ ಪಾಠ ಗಾಯದಂತೆ ಉಳಿಯಿತು. 1919ರ ಏಪ್ರಿಲ್ 5ರಂದು ಭಾರತೀಯರದೇ ಆದ ಸಿಂಧಿಯಾ ಹಡಗು ಕಂಪನಿಯ 'ಲಾಯಲ್ಟಿ' ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಇಂದಿಗೂ ಆ ದಿನವೇ ನಮ್ಮ ರಾಷ್ಟ್ರೀಯ ಸಾಗರ ದಿನ. 1928ರಲ್ಲಿ ಎಸ್.ಎನ್. ಹಾಜಿ ಕೇಂದ್ರ ಶಾಸನಸಭೆಯಲ್ಲಿ ಕರಾವಳಿ ವ್ಯಾಪಾರವನ್ನು ಭಾರತೀಯರಿಗೆ ಕಾದಿರಿಸುವ ಮಸೂದೆ ಮಂಡಿಸಿದರು. ವಸಾಹತು ಸರ್ಕಾರದ ಕೈಕೆಳಗೆ ಅದು ಕಾನೂನಾಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆ ಆಸೆಯೇ ಸರ್ಕಾರದ ನೀತಿಯಾಗಿ, 1958ರ ವಾಣಿಜ್ಯ ನೌಕಾಯಾನ ಕಾಯ್ದೆಯೊಳಗೆ ಸೇರಿತು. ವಿದೇಶಿ ಹಡಗು ನಮ್ಮ ಎರಡು ಬಂದರುಗಳ ನಡುವೆ ಸರಕು ಸಾಗಿಸಬೇಕಾದರೆ ನೌಕಾಯಾನ ಮಹಾನಿರ್ದೇಶಕರ ಪರವಾನಗಿ ಬೇಕಿತ್ತು. ಭಾರತೀಯ ಹಡಗು ಸಿಗದಿದ್ದಾಗ ಮಾತ್ರ ಅದು ಸಿಗುತ್ತಿತ್ತು.

ಈ ಹಿನ್ನೆಲೆ ಗೊತ್ತಿಲ್ಲದೆ ಇವತ್ತಿನ ಹಡಗು ಮಾಲೀಕರ ಸಿಟ್ಟು ಅರ್ಥವಾಗುವುದಿಲ್ಲ. ಅವರು ಲಾಭದ ಮಾತು ಆಡುತ್ತಿರಬಹುದು, ಆದರೆ ಆಡುವುದು ಸ್ವದೇಶಿಯ ಭಾಷೆಯಲ್ಲಿ.

ಅಮೆರಿಕದ ಉಪ್ಪು, ಅಮೆರಿಕದ ಮೀನು

ನಾಲ್ಕೂ ಬೀಗ ಹಾಕಿದರೆ ಏನಾಗುತ್ತದೆ ಎಂದು ನೋಡಲು ಅಮೆರಿಕದ ಜೋನ್ಸ್ ಕಾಯ್ದೆಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ವಾಷಿಂಗ್ಟನ್ ರಾಜ್ಯದ ಸೆನೆಟರ್ ವೆಸ್ಲಿ ಜೋನ್ಸ್ ಮುಂದೆ ನಿಂತು ಮಾಡಿಸಿದ 1920ರ ಕಾನೂನು ಅದು. ಮೊದಲ ಮಹಾಯುದ್ಧದಲ್ಲಿ ಹಡಗಿಲ್ಲದೆ ಪರದಾಡಿದ ನೆನಪು ಆಗಿನ್ನೂ ಹಸಿಯಾಗಿತ್ತು. ಅಲಾಸ್ಕಾದ ವ್ಯಾಪಾರ ಕೆನಡಾದ ಹಡಗುಗಳ ಪಾಲಾಗದೆ ತನ್ನ ಸಿಯಾಟಲ್ಲಿನ ಕೈಯಲ್ಲೇ ಉಳಿಯಲಿ ಎಂಬ ಲೆಕ್ಕವೂ ಜೋನ್ಸ್‌ಗೆ ಇತ್ತು. ದೇಶಭಕ್ತಿಯ ಕಾನೂನುಗಳ ಕೆಳಗೆ ಹೀಗೆ ಯಾವುದೋ ಒಂದು ಊರಿನ ಅಂಗಡಿ ಲೆಕ್ಕ ಇರುವುದು ಅಪರೂಪವೇನಲ್ಲ.

2014ರ ಚಳಿಗಾಲದಲ್ಲಿ ನ್ಯೂಜೆರ್ಸಿಯ ರಸ್ತೆಗಳ ಮೇಲೆ ಹಿಮ ಗಟ್ಟಿಯಾಗಿ, ಅದನ್ನು ಕರಗಿಸಲು ಎರಚುವ ಉಪ್ಪು ಮುಗಿಯುತ್ತಾ ಬಂತು. ಮೇಯ್ನ್ ರಾಜ್ಯದ ಸಿಯರ್ಸ್‌ಪೋರ್ಟ್ ಬಂದರಿನಲ್ಲಿ 40,000 ಟನ್ ಉಪ್ಪು ಬಿದ್ದಿತ್ತು. ಅಲ್ಲೇ ಒಂದು ಖಾಲಿ ಹಡಗೂ ನಿಂತಿತ್ತು, ಹೋಗುವ ದಾರಿಯೂ ನ್ಯೂಜೆರ್ಸಿಯ ಕಡೆಗೇ ಇತ್ತು. ತುಂಬಿಸಿ ಕಳಿಸಿದರೆ ಎರಡೇ ದಿನದ ಕೆಲಸ. ಆದರೆ ಹಡಗು ವಿದೇಶಿ. ವಿನಾಯಿತಿ ಕೇಳಿದರೂ ಸಿಗಲಿಲ್ಲ. ಕೊನೆಗೆ ಅಮೆರಿಕದ ಒಂದು ಸಣ್ಣ ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಹುಡುಕಿ, ಕಂತು ಕಂತಾಗಿ ಉಪ್ಪು ಸಾಗಿಸಬೇಕಾಯಿತು.

ಮೀನಿನ ಕತೆ ಇದಕ್ಕಿಂತ ತಮಾಷೆಯದು. ಅಲಾಸ್ಕಾದ ಡಚ್ ಹಾರ್ಬರ್‌ನಿಂದ ಹೆಪ್ಪುಗಟ್ಟಿಸಿದ ಮೀನು ವಿದೇಶಿ ಹಡಗು ಹತ್ತಿ, ಪನಾಮಾ ಕಾಲುವೆ ದಾಟಿ ಕೆನಡಾದ ಬೇಸೈಡ್ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಲಾರಿಯಲ್ಲಿ ಅಮೆರಿಕದ ಮೇಯ್ನ್‌ಗೆ ಹೋಗಬೇಕು. ದಾರಿಯ ಒಂದು ತುಂಡು ಕೆನಡಾದ ರೈಲಿನಲ್ಲಿ ಸಾಗಿದರೆ ಜೋನ್ಸ್ ಕಾಯ್ದೆ ಅಡ್ಡ ಬರುವುದಿಲ್ಲ ಎಂಬ ಹಳೆಯ ಕಲಮೊಂದಿತ್ತು. ಸಾಗಣೆದಾರರು ಏನು ಮಾಡಿದರೆಂದರೆ, ಬಂದರಿನಲ್ಲೇ ಸುಮಾರು 100 ಅಡಿ ಉದ್ದದ ಹಳಿ ಹಾಕಿಸಿದರು. ಮೀನಿನ ಲಾರಿ ರೈಲು ಬಂಡಿಯ ಮೇಲೆ ಹತ್ತುತ್ತದೆ, ಬಂಡಿ 100 ಅಡಿ ಮುಂದೆ ಹೋಗುತ್ತದೆ, 100 ಅಡಿ ಹಿಂದೆ ಬರುತ್ತದೆ, ಲಾರಿ ಹತ್ತಿದ ಜಾಗದಲ್ಲೇ ಇಳಿದು ಗಡಿಯ ಕಡೆ ಹೊರಡುತ್ತದೆ. 2021ರಲ್ಲಿ ಅಮೆರಿಕದ ಕಸ್ಟಮ್ಸ್ ಇಲಾಖೆಗೆ ಇದು ಸಹಿಸದಾಗಿ ಸುಮಾರು 35 ಕೋಟಿ ಡಾಲರ್ ದಂಡದ ನೋಟಿಸು ಹೊರಡಿಸಿತು.

ಇಷ್ಟು ಪಾಡು ಪಡುವುದು ಯಾಕೆ? ಅಮೆರಿಕದ ಹಡಗು ಅಷ್ಟು ದುಬಾರಿ. 2022ರಲ್ಲಿ ಮ್ಯಾಟ್ಸನ್ ಕಂಪನಿ ಫಿಲಡೆಲ್ಫಿಯಾದ ಹಡಗುಕಟ್ಟೆಗೆ (ಹಡಗು ಕಟ್ಟುವ ಕಾರ್ಖಾನೆಗೆ) ಮೂರು ಹಡಗುಗಳ ಆರ್ಡರ್ ಕೊಟ್ಟಿತು. ಒಂದೊಂದರಲ್ಲಿ ಹಿಡಿಯುವುದು 3,600 ಕಂಟೇನರ್, ಮೂರಕ್ಕೆ ಸುಮಾರು 100 ಕೋಟಿ ಡಾಲರ್. ಏಷ್ಯಾದ ಹಡಗುಕಟ್ಟೆಗಳ ದರದ ನಾಲ್ಕೈದು ಪಟ್ಟು. ಇಲ್ಲಿಂದ ಒಂದು ವಿಷಚಕ್ರ ಶುರುವಾಗುತ್ತದೆ. ಹಡಗು ದುಬಾರಿಯಾದ್ದರಿಂದ ಆರ್ಡರ್ ಕಡಿಮೆ. ಆರ್ಡರ್ ಕಡಿಮೆಯಾದ್ದರಿಂದ ಹಡಗುಕಟ್ಟೆಯ ಕೈ ಪಳಗುವುದಿಲ್ಲ, ಯಂತ್ರಕ್ಕೆ ಹಾಕಿದ ಬಂಡವಾಳ ಹಂಚಿಹೋಗುವುದಿಲ್ಲ. ಹಾಗಾಗಿ ಮುಂದಿನ ಹಡಗು ಇನ್ನೂ ದುಬಾರಿ. ಹೊಸದು ಕೊಳ್ಳಲಾಗದ ಮಾಲೀಕ ಹಳೆಯದನ್ನೇ ತೇಪೆ ಹಾಕಿ ಓಡಿಸುತ್ತಾನೆ. 2015ರ ಅಕ್ಟೋಬರಿನಲ್ಲಿ ಅಮೆರಿಕದ ಅಧೀನದ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊಗೆ ಹೊರಟು ಚಂಡಮಾರುತದಲ್ಲಿ 33 ಜನರೊಂದಿಗೆ ಮುಳುಗಿದ ಎಲ್ ಫಾರೊ ಹಡಗಿಗೆ ಆಗ 40 ವರ್ಷ. ಎಲ್ಸಾ 3ಕ್ಕೆ 28 ವರ್ಷವಾಗಿತ್ತು. ಸ್ವದೇಶಿ ಬಾವುಟವಿದ್ದರೆ ಹಡಗು ಸುರಕ್ಷಿತ ಎನ್ನುವವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಅಮೆರಿಕದಲ್ಲಿ ಇವತ್ತು ನಾಲ್ಕೂ ಷರತ್ತಿಗೆ ಸಲ್ಲುವ ದೊಡ್ಡ ಸಾಗರಗಾಮಿ ಹಡಗುಗಳು ನೂರರೊಳಗೆ ಇವೆ. 1980ರಲ್ಲಿ 250ಕ್ಕೂ ಹೆಚ್ಚಿದ್ದವು. ದ್ರವೀಕೃತ ನೈಸರ್ಗಿಕ ಅನಿಲದ ರಫ್ತಿನಲ್ಲಿ ಆ ದೇಶ ಜಗತ್ತಿಗೇ ಮೊದಲನೆಯದು. ಆದರೆ ತನ್ನ ಅನಿಲವನ್ನು ಟೆಕ್ಸಾಸ್‌ನಿಂದ ಬಾಸ್ಟನ್ನಿಗೆ ಒಯ್ಯಲು ಅದರ ಬಳಿ ಅಮೆರಿಕದಲ್ಲಿ ಕಟ್ಟಿದ ಅನಿಲ ಹಡಗಿಲ್ಲ. 2018ರ ಜನವರಿಯ ಕಡುಚಳಿಯಲ್ಲಿ ಬಾಸ್ಟನ್ ಬಂದರಿಗೆ ಬಂದ ಒಂದು ಹಡಗಿನ ಅನಿಲದಲ್ಲಿ ರಷ್ಯಾದ ಯಮಾಲ್ ಸ್ಥಾವರದ ಪಾಲೂ ಬೆರೆತಿತ್ತು. ರಷ್ಯಾದ ಮೇಲೆ ನಿರ್ಬಂಧ ಹೇರಿದ ದೇಶದಲ್ಲೇ ಹೀಗಾಯಿತು.

ಹಾಗಿದ್ದರೂ ಅದು ನೂರು ವರ್ಷ ಉಳಿದದ್ದು ಹೇಗೆ?

ಬೆಂಬಲಿಗರ ವಾದವನ್ನು ತಳ್ಳಿಹಾಕಿ ಮುಂದೆ ಹೋಗುವುದು ಸುಲಭ. ಆದರೆ ಅದರಲ್ಲಿ ಹುರುಳಿದೆ. ಯುದ್ಧ ಬಂದರೆ ಸೇನೆಯ ಸರಂಜಾಮು ಸಾಗಿಸಲು ಹಡಗು ಬೇಕು, ಹಡಗಿಗಿಂತ ಹೆಚ್ಚಾಗಿ ಅದನ್ನು ನಡೆಸಬಲ್ಲ ನಾವಿಕರು ಬೇಕು. ಶಾಂತಿಕಾಲದಲ್ಲಿ ಅವರಿಗೆ ಕೆಲಸ ಕೊಟ್ಟು ಉಳಿಸಿಕೊಳ್ಳದಿದ್ದರೆ ಯುದ್ಧಕಾಲದಲ್ಲಿ ಎಲ್ಲಿಂದ ಹುಟ್ಟಿಸುವುದು? ಈಗ ಜಗತ್ತಿನ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಚೀನಾ ಒಂದೇ ಕಟ್ಟುತ್ತಿರುವಾಗ ಈ ಮಾತಿನ ತೂಕ ಹೆಚ್ಚಾಗಿದೆ. ಕಾಯ್ದೆಯ ಆಶ್ರಯದಲ್ಲಿ 40,000 ಹಡಗು-ದೋಣಿಗಳಿವೆ ಎಂದೂ ಅವರು ಹೇಳುತ್ತಾರೆ. ಅದು ನಿಜ, ಆದರೆ ಅವುಗಳಲ್ಲಿ ಬಹುಪಾಲು ನದಿಯ ಬಾರ್ಜ್‌ಗಳು ಮತ್ತು ಟಗ್‌ಗಳು, ಸಾಗರ ದಾಟುವಂಥವಲ್ಲ.

ಖರ್ಚಿನ ಲೆಕ್ಕದಲ್ಲೂ ಎರಡು ಮಾತಿವೆ. ಅಮೆರಿಕದ ಪೂರ್ವ ಕರಾವಳಿಯಿಂದ ಪೋರ್ಟೊ ರಿಕೊಗೆ 20 ಅಡಿಯ ಕಂಟೇನರ್ ಕಳಿಸಲು 3,063 ಡಾಲರ್ ಆಗುತ್ತದೆ, ಪಕ್ಕದ ಡೊಮಿನಿಕನ್ ಗಣರಾಜ್ಯಕ್ಕೆ 1,504 ಡಾಲರ್ ಸಾಕು ಎಂದು ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕ್ 2012ರ ವರದಿಯಲ್ಲಿ ತೋರಿಸಿತು. ಮರುವರ್ಷ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ, ಈ ವ್ಯತ್ಯಾಸದಲ್ಲಿ ಕಾಯ್ದೆಯ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ ಎಂದಿತು. ಪೋರ್ಟೊ ರಿಕೊದಿಂದ ವಾಪಸು ಬರುವ ಸರಕು ಕಡಿಮೆ, ಹಾಗಾಗಿ ಹೋಗುವ ಸರಕೇ ಎರಡೂ ದಾರಿಯ ಖರ್ಚು ಹೊರಬೇಕು. ಈ ವಾಪಸು ಸರಕಿನ ಮಾತು ನೆನಪಿನಲ್ಲಿರಲಿ, ನಮ್ಮ ಕರಾವಳಿಯಲ್ಲೂ ಅದೇ ರೋಗವಿದೆ.

ಕಾನೂನು ಉಳಿದ ರಾಜಕೀಯ ಕಾರಣ ಬೇರೆ. ನಷ್ಟ ಕೋಟಿಗಟ್ಟಲೆ ಜನರ ಮೇಲೆ ಪೈಸೆ ಪೈಸೆಯಾಗಿ ಹಂಚಿಹೋಗುತ್ತದೆ, ಲಾಭ ಕೆಲವೇ ಹಡಗುಕಟ್ಟೆ, ಕಂಪನಿ, ಯೂನಿಯನ್ನುಗಳ ಕೈಗೆ ರಾಶಿಯಾಗಿ ಸೇರುತ್ತದೆ. ಪೈಸೆ ಕಳೆದುಕೊಂಡವನು ಸಂಸದನಿಗೆ ಪತ್ರ ಬರೆಯುವುದಿಲ್ಲ. ಚಂಡಮಾರುತ ಬಂದಾಗ ಮಾತ್ರ ವಿಷಯ ಮೇಲೆ ಬರುತ್ತದೆ. 2017ರಲ್ಲಿ ಮರಿಯಾ ಪೋರ್ಟೊ ರಿಕೊವನ್ನು ಜಜ್ಜಿದಾಗ ಹತ್ತು ದಿನದ ವಿನಾಯಿತಿ ಸಿಕ್ಕಿತು. 2022ರಲ್ಲಿ ಫಿಯೋನಾ ಬಂದಾಗ ಟೆಕ್ಸಾಸ್‌ನ ಡೀಸೆಲ್ ಹೊತ್ತ ವಿದೇಶಿ ಹಡಗೊಂದು ಕತ್ತಲಲ್ಲಿದ್ದ ಅದೇ ದ್ವೀಪದ ಎದುರಿಗೇ ಅನುಮತಿಗಾಗಿ ಕಾದು ನಿಂತಿತ್ತು.

ಕಾಫಿ ಚೀಲ ಕೊಲಂಬೊ ಸುತ್ತಿ ಹೋಗುವುದೇಕೆ

ಈಗ ನಮ್ಮ ಕಡೆಗೆ. ಕೊಡಗು-ಚಿಕ್ಕಮಗಳೂರಿನ ಕಾಫಿ ಇಟಲಿಗೆ ಹೋಗಬೇಕು. ಘಟ್ಟ ಇಳಿದು ಮಂಗಳೂರಿನ ಪಣಂಬೂರು ಬಂದರಿಗೆ ಬಂದ ಕಂಟೇನರನ್ನು ನೇರ ಯುರೋಪಿಗೆ ಒಯ್ಯುವ ಭಾರಿ ಹಡಗು ಅಲ್ಲಿಗೆ ಬರುವುದಿಲ್ಲ. ಸಣ್ಣ ಫೀಡರ್ ಹಡಗೊಂದು ಅದನ್ನು ದೊಡ್ಡ ಬಂದರಿಗೆ ತಲುಪಿಸಬೇಕು, ಅಲ್ಲಿ ಮದರ್ ಶಿಪ್‌ಗೆ ಏರಿಸಬೇಕು.

ಹಳೆಯ ಕಾನೂನಿನ ಎಡವಟ್ಟು ಇಲ್ಲಿದೆ. ಮಂಗಳೂರಿನಿಂದ ಕೊಚ್ಚಿಗೆ ಆ ಕಂಟೇನರ್ ಒಯ್ಯುವುದು 'ಕರಾವಳಿ ವ್ಯಾಪಾರ', ಆದ್ದರಿಂದ ಭಾರತದ ಹಡಗೇ ಬೇಕು. ಅಂಥ ಹಡಗುಗಳು ಕೆಲವೇ. ಆದರೆ ಮಂಗಳೂರಿನಿಂದ ಕೊಲಂಬೊಗೆ ಒಯ್ಯುವುದು 'ವಿದೇಶ ವ್ಯಾಪಾರ', ಯಾವ ದೇಶದ ಹಡಗಾದರೂ ಆದೀತು. ಅಂದರೆ ಭಾರತದ ಹಡಗನ್ನು ಕಾಪಾಡಲು ಮಾಡಿದ ನಿಯಮ, ಭಾರತದ ಬಂದರಿನ ಸರಕನ್ನು ಶ್ರೀಲಂಕಾದ ಬಂದರಿಗೆ ತಳ್ಳುತ್ತಿತ್ತು. ಭಾರತದ ಟ್ರಾನ್ಸ್‌ಶಿಪ್‌ಮೆಂಟ್ (ನಡುದಾರಿಯಲ್ಲಿ ಹಡಗಿನಿಂದ ಹಡಗಿಗೆ ಏರುವ) ಸರಕಿನ ಸುಮಾರು ಮುಕ್ಕಾಲು ಪಾಲು ಹೊರದೇಶದ ಬಂದರುಗಳಲ್ಲಿ ಹಡಗು ಬದಲಿಸುತ್ತದೆ, ಅದರಲ್ಲಿ ಅತಿ ದೊಡ್ಡ ಪಾಲು ಕೊಲಂಬೊದ್ದು ಎಂದು ಸರ್ಕಾರವೇ ಲೆಕ್ಕ ಕೊಟ್ಟಿತ್ತು.

2011ರಲ್ಲಿ ಕೊಚ್ಚಿಯ ವಲ್ಲಾರ್ಪಾಡಂನಲ್ಲಿ ಟ್ರಾನ್ಸ್‌ಶಿಪ್‌ಮೆಂಟ್‌ಗೆಂದೇ ದೊಡ್ಡ ಟರ್ಮಿನಲ್ ತೆರೆದಾಗ ಈ ಎಡವಟ್ಟು ಕಣ್ಣಿಗೆ ಹೊಡೆಯಿತು. ಮೊದಲು ಆ ಒಂದು ಬಂದರಿಗೆ ಮೂರು ವರ್ಷದ ಸಡಿಲಿಕೆ ಕೊಟ್ಟರು. 2018ರ ಮೇ ತಿಂಗಳಲ್ಲಿ ಆಮದು-ರಫ್ತಿನ ಟ್ರಾನ್ಸ್‌ಶಿಪ್‌ಮೆಂಟ್ ಕಂಟೇನರ್ ಮತ್ತು ಖಾಲಿ ಕಂಟೇನರ್‌ಗಳನ್ನು ವಿದೇಶಿ ಹಡಗುಗಳು ಪರವಾನಗಿ ಇಲ್ಲದೆಯೇ ನಮ್ಮ ಬಂದರುಗಳ ನಡುವೆ ಸಾಗಿಸಬಹುದು ಎಂಬ ಆದೇಶ ದೇಶಕ್ಕೆಲ್ಲ ಬಂತು. ಲೈಬೀರಿಯಾದ ಬಾವುಟದ ಹಡಗು ವಿಳಿಂಞ-ಕೊಚ್ಚಿ ನಡುವೆ ಕಂಟೇನರ್ ಹೊತ್ತು ಓಡಲು ದಾರಿಯಾದದ್ದು ಹೀಗೆ.

ಇದರಿಂದ ಕೊಲಂಬೊ ಖಾಲಿಯಾಯಿತೇ? ಇಲ್ಲ. ಆಳವಾದ ಬಂದರು, ದಿನವೂ ಬರುವ ಹಡಗುಗಳು, ಕಡಿಮೆ ಶುಲ್ಕ ಇವು ಮೂರನ್ನೂ ಒಂದು ಆದೇಶದಿಂದ ಹುಟ್ಟಿಸಲಾಗುವುದಿಲ್ಲ. 2025ರ ಮೇ 2ರಂದು ಉದ್ಘಾಟನೆಯಾದ ವಿಳಿಂಞದಲ್ಲಿ ಆಳ ತಾನಾಗಿಯೇ ಇದೆ. ಜೂನಿನಲ್ಲಿ 24,346 ಕಂಟೇನರ್ ಹಿಡಿಸುವ ಎಂಎಸ್‌ಸಿ ಇರಿನಾ ಅಲ್ಲಿ ಬಂದು ನಿಂತಿತು. ಅಷ್ಟು ಕಂಟೇನರ್‌ಗಳನ್ನು ಹಂಚಲು ಬೇಕಾಗುವ ಫೀಡರ್‌ಗಳು ಭಾರತದ ಬಾವುಟದಡಿ ಇವತ್ತು ಇಲ್ಲ. 2018ರ ಸಡಿಲಿಕೆ ಇಲ್ಲದಿದ್ದರೆ ವಿಳಿಂಞ ಬರೀ ಆಳವಾದ ನೀರಾಗಿ ಉಳಿಯುತ್ತಿತ್ತು. ಬಂದರೂ ಬೇಕು, ನಿಯಮವೂ ಬೇಕು; ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಫಲವಿಲ್ಲ.

ಭಾರತೀಯ ಹಡಗು ಮಾಲೀಕರ ಸಂಘ ಇದನ್ನು ಒಪ್ಪುವುದಿಲ್ಲ. ಅವರ ದೂರು ಇಷ್ಟು: ನಮ್ಮ ಕಾಲಿಗೆ ಕಲ್ಲು ಕಟ್ಟಿ, ವಿದೇಶಿಯವನ ಜೊತೆ ಓಡು ಎಂದರೆ ಹೇಗೆ? ಹೊರಗಿನಿಂದ ಹಡಗು ಕೊಂಡು ತಂದು ನಮ್ಮ ಬಾವುಟ ಹಾಕಿದರೆ 5% ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ). ಸಾಲದ ಬಡ್ಡಿ ಜಪಾನ್, ಯುರೋಪಿಗಿಂತ ಬಹಳ ಹೆಚ್ಚು. ವರ್ಷದಲ್ಲಿ ಆರು ತಿಂಗಳಿಗೂ ಹೆಚ್ಚು ವಿದೇಶಿ ಹಡಗಿನಲ್ಲಿ ದುಡಿವ ಭಾರತೀಯ ನಾವಿಕ ಅನಿವಾಸಿಯೆನಿಸಿ ಆದಾಯ ತೆರಿಗೆಯಿಂದ ಪಾರಾಗುತ್ತಾನೆ. ನಮ್ಮ ಕರಾವಳಿಯಲ್ಲಿ ಓಡುವ ಭಾರತದ ಹಡಗಿನಲ್ಲಿ ದುಡಿದರೆ ತೆರಿಗೆ ಕಟ್ಟಬೇಕು. ಆದ್ದರಿಂದ ಅವನು ಕೈಗೆ ಸಿಗುವ ಸಂಬಳದ ಲೆಕ್ಕದಲ್ಲೇ ಚೌಕಾಸಿ ಮಾಡುತ್ತಾನೆ, ತೆರಿಗೆಯ ಹೊರೆ ಮಾಲೀಕನ ಹೆಗಲಿಗೆ ಬೀಳುತ್ತದೆ. ಈ ದೂರು ಸುಳ್ಳಲ್ಲ. ಆದರೆ ಕಲ್ಲು ಕಟ್ಟಿದ್ದು ತೆರಿಗೆ ಇಲಾಖೆ. ಅದನ್ನು ಬಿಚ್ಚಿಸುವ ಬದಲು ಪಕ್ಕದವನನ್ನು ಓಟದಿಂದ ಹೊರಗಿಡಿ ಎಂದರೆ, ಬಾಡಿಗೆ ಹೆಚ್ಚು ಕೊಡುವವನು ಕಾಫಿ ಬೆಳೆಗಾರ.

ಹೊಸ ಕಾಯ್ದೆಯಲ್ಲಿ ಬದಲಾದದ್ದು

ಭಾರತೀಯರ ಪೂರ್ಣ ಮಾಲೀಕತ್ವದ ಹಡಗಿಗೆ ಕರಾವಳಿಯಲ್ಲಿ ಓಡಲು ಇನ್ನು ಪ್ರತ್ಯೇಕ ಪರವಾನಗಿ ಬೇಡ. ಇದು ಒಳ್ಳೆಯದೇ. ತನ್ನ ಮನೆಯ ಅಂಗಳದಲ್ಲಿ ನಡೆಯಲು ಅರ್ಜಿ ಹಾಕಬೇಕಿದ್ದ ಸ್ಥಿತಿ ತಪ್ಪಿತು. ವಿದೇಶಿ ಹಡಗಿಗೆ ಪರವಾನಗಿ ಕಡ್ಡಾಯವಾಗಿ ಉಳಿದಿದೆ, ಕದ್ದು ಓಡಿಸಿದರೆ 15 ಲಕ್ಷ ರೂಪಾಯಿ ಅಥವಾ ಆ ಯಾನದ ಗಳಿಕೆಯ ನಾಲ್ಕು ಪಟ್ಟು, ಎರಡರಲ್ಲಿ ಹೆಚ್ಚಿನದು ದಂಡ. ಕಾಯ್ದೆ ಜಾರಿಯಾದ ಎರಡು ವರ್ಷದೊಳಗೆ ಕರಾವಳಿ ಮತ್ತು ಒಳನಾಡು ಸಾಗಾಟಕ್ಕೆ ರಾಷ್ಟ್ರೀಯ ಯೋಜನೆ ತಯಾರಾಗಬೇಕು. 2030ರ ಹೊತ್ತಿಗೆ ಕರಾವಳಿ ಸರಕನ್ನು 23 ಕೋಟಿ ಟನ್ನಿಗೆ ಏರಿಸುವುದು ಸರ್ಕಾರದ ಗುರಿ.

ಗಮನಿಸಬೇಕಾದ ಸಾಲು ಇವುಗಳಲ್ಲಿ ಯಾವುದೂ ಅಲ್ಲ. ಪರವಾನಗಿ ಕೊಡುವಾಗ ಮಹಾನಿರ್ದೇಶಕರು ಸಿಬ್ಬಂದಿ ಭಾರತೀಯರೇ, ಹಡಗನ್ನು ಕಟ್ಟಿದ್ದು ಎಲ್ಲಿ ಎಂಬಂಥ ಷರತ್ತುಗಳನ್ನೂ ವಿಧಿಸಬಹುದು ಎನ್ನುತ್ತದೆ ಕಾಯ್ದೆ. ನಾಲ್ಕನೇ ಬೀಗ ನಮ್ಮ ಕಾನೂನಿನೊಳಗೆ ಕಾಲಿಟ್ಟದ್ದು ಇಲ್ಲಿ. ಸದ್ಯಕ್ಕೆ ಅದು ಅಧಿಕಾರಿಯ ವಿವೇಚನೆಯ ರೂಪದಲ್ಲಿ ಮೂಲೆಯಲ್ಲಿ ಕೂತಿದೆ. ಹಡಗು 25 ವರ್ಷ ಬಾಳುವ ಆಸ್ತಿ. ಅದಕ್ಕೆ ಹಣ ಹಾಕುವವನಿಗೆ ಮುಂದಿನ ವರ್ಷದ ಷರತ್ತು ಏನೆಂದು ಗೊತ್ತಿರಬೇಕು. ಪ್ರತಿ ಆದೇಶಕ್ಕೂ ನಿಯಮ ಬದಲಾಗುವಂತಿದ್ದರೆ ದೇಶದವನೂ ಹಡಗು ಕೊಳ್ಳುವುದಿಲ್ಲ, ಹೊರಗಿನವನೂ ಸೇವೆ ಶುರು ಮಾಡುವುದಿಲ್ಲ.

ಹಡಗುಕಟ್ಟೆಗಳನ್ನು ಬೆಳೆಸಲು ಸರ್ಕಾರ ಬೀಗದ ದಾರಿಯೊಂದನ್ನೇ ನೆಚ್ಚಿಲ್ಲ ಎನ್ನುವುದೂ ನಿಜ. 69,725 ಕೋಟಿಯಲ್ಲಿ 24,736 ಕೋಟಿ ಹಡಗು ಕಟ್ಟುವವರಿಗೆ ನೇರ ನೆರವು, 25,000 ಕೋಟಿ ಬಂಡವಾಳ ನಿಧಿ. ದೊಡ್ಡ ಹಡಗುಗಳಿಗೆ ಮೂಲಸೌಕರ್ಯದ ದರ್ಜೆ ಕೊಟ್ಟದ್ದರಿಂದ ಸಾಲ ಸ್ವಲ್ಪ ಅಗ್ಗವಾಗಬೇಕು. ಭಾರತದ ಬಾವುಟದ ಹಡಗು ಆ ದರ್ಜೆ ಪಡೆಯಲು 10,000 ಒಟ್ಟು ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) ಇರಬೇಕು, ಭಾರತದಲ್ಲೇ ಕಟ್ಟಿದ್ದಾದರೆ 1,500 ಸಾಕು. ಇದೂ ಪಕ್ಷಪಾತವೇ. ಆದರೆ ಇಲ್ಲಿ ಖರ್ಚು ಬಜೆಟ್ಟಿನಲ್ಲಿ ಕಾಣುತ್ತದೆ, ವರ್ಷ ವರ್ಷ ಪ್ರಶ್ನಿಸಬಹುದು. ಬೀಗದ ಖರ್ಚು ಸಿಮೆಂಟಿನ ಬೆಲೆಯಲ್ಲಿ, ಟೈಲ್ಸಿನ ಬೆಲೆಯಲ್ಲಿ ಅಡಗಿರುತ್ತದೆ, ಯಾರೂ ರಸೀದಿ ಕೊಡುವುದಿಲ್ಲ.

ಬೀಗವಿಲ್ಲದೆಯೂ ಹಡಗುಕಟ್ಟೆ ನಿಲ್ಲಬಲ್ಲದೇ? ಮಲ್ಪೆಯಲ್ಲಿ ದಿವಾಳಿಯಾಗಿ ನಿಂತಿದ್ದ ಹಡಗುಕಟ್ಟೆಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡುಕೊಂಡಿತು. ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನ ಆ ಸಂಸ್ಥೆಗೆ ನಾರ್ವೆಯ ವಿಲ್ಸನ್ ಕಂಪನಿ 3,800 ಟನ್ನಿನ ಆರು ಸರಕು ಹಡಗುಗಳ ಆರ್ಡರ್ ಕೊಟ್ಟಿತು, ಆಮೇಲೆ 6,300 ಟನ್ನಿನವನ್ನೂ ಕೇಳಿತು. ನಾರ್ವೆಯವರಿಗೆ ಮಲ್ಪೆಯಲ್ಲಿ ಕಟ್ಟಿಸಲೇಬೇಕೆಂಬ ಕಾನೂನೇನೂ ಇರಲಿಲ್ಲ. ದರ, ಗುಣಮಟ್ಟ ಹೊಂದಿತು, ಬಂದರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಅವು ಯುರೋಪಿನ ಕರಾವಳಿ ಸಾಗಾಟಕ್ಕೆಂದೇ ಮಾಡಿದ ಹಡಗುಗಳು.

ಲಾರಿಯೇ ಗೆಲ್ಲುತ್ತಿರುವುದು ಯಾಕೆ

ಕ್ಯಾಬೊಟಾಜ್ ಜಗಳದ ಅಬ್ಬರದಲ್ಲಿ ಒಂದು ಮಾತು ಮರೆಯಾಗುತ್ತದೆ. ನಮ್ಮ ಕರಾವಳಿ ಹಡಗಿನ ನಿಜವಾದ ಎದುರಾಳಿ ವಿದೇಶಿ ಹಡಗಲ್ಲ, ಲಾರಿ. ದೇಶದೊಳಗಿನ ಸರಕಿನಲ್ಲಿ ಹಡಗಿನ ಪಾಲು ನೂರಕ್ಕೆ ಆರರ ಆಸುಪಾಸು ಇರುವಾಗ ರಸ್ತೆಯ ಪಾಲು ಅರ್ಧಕ್ಕಿಂತ ಬಹಳ ಹೆಚ್ಚು.

ಗುಜರಾತಿನ ಮೊರ್ಬಿಯ ಟೈಲ್ಸ್ ಪೆಟ್ಟಿಗೆಯ ಜೊತೆ ಒಮ್ಮೆ ಪ್ರಯಾಣ ಮಾಡಿ ನೋಡಿ. ಲಾರಿಯಲ್ಲಾದರೆ ಕಾರ್ಖಾನೆಯಲ್ಲಿ ಒಮ್ಮೆ ಏರಿಸಿ, ದಕ್ಷಿಣದ ಅಂಗಡಿಯ ಎದುರು ಒಮ್ಮೆ ಇಳಿಸಿದರೆ ಮುಗಿಯಿತು. ಹಡಗಿನಲ್ಲಾದರೆ ಕಾರ್ಖಾನೆಯಿಂದ ಲಾರಿಗೆ, ಲಾರಿಯಿಂದ ಬಂದರಿನ ಯಾರ್ಡಿಗೆ, ಯಾರ್ಡಿನಿಂದ ಹಡಗಿಗೆ. ಆಚೆ ಕಡೆ ಇದೇ ಸರಣಿ ತಲೆಕೆಳಗಾಗಿ. ಪ್ರತಿ ಏರಿಳಿತಕ್ಕೂ ಶುಲ್ಕ, ಪ್ರತಿ ನಿಲುಗಡೆಗೂ ಕಾಯುವಿಕೆ. ನೀರಿನ ಮೇಲೆ ಉಳಿಸಿದ ದುಡ್ಡು ದಡದ ಮೇಲೆ ಸೋರಿಹೋಗುತ್ತದೆ. ಸಾವಿರ ಕಿಲೋಮೀಟರ್‌ಗೂ ಮಿಕ್ಕಿದ ದಾರಿಯಲ್ಲಿ ಮಾತ್ರ ಲೆಕ್ಕ ಹಡಗಿನ ಕಡೆ ವಾಲುತ್ತದೆ, ಟೈಲ್ಸ್ ಹಡಗು ಹತ್ತುವುದೂ ಅದಕ್ಕೇ. ಆದರೆ ದಕ್ಷಿಣದಲ್ಲಿ ಟೈಲ್ಸ್ ಇಳಿಸಿದ ಕಂಟೇನರ್‌ಗೆ ಗುಜರಾತಿಗೆ ವಾಪಸು ತುಂಬಲು ಏನಿದೆ? ಸಾಕಷ್ಟಿಲ್ಲ. ಪೋರ್ಟೊ ರಿಕೊದ ರೋಗವೆಂದದ್ದು ಇದನ್ನೇ. ಒಂದು ಕಾಲದಲ್ಲಿ ತನ್ನ ಹಂಚನ್ನು ಹಡಗಿಗೇರಿಸಿ ಮುಂಬೈಗೆ, ಅದರಾಚೆಗೂ ಕಳಿಸುತ್ತಿದ್ದ ಊರು ಮಂಗಳೂರು. ಆಗ ತುಂಬಿಕೊಂಡು ಹೋಗಲು ಸರಕಿತ್ತು.

ವಿದೇಶಿ ಹಡಗನ್ನು ಪೂರ್ತಿ ತಡೆದರೂ, ಪೂರ್ತಿ ಬಿಟ್ಟರೂ ಈ ಸೋರಿಕೆ ನಿಲ್ಲುವುದಿಲ್ಲ. ಆದ್ದರಿಂದ ಹೊಸ ಕಾಯ್ದೆಯಿಂದ ತಕ್ಷಣದ ಕ್ರಾಂತಿ ನಿರೀಕ್ಷಿಸುವ ಹಾಗಿಲ್ಲ. ಕಂಟೇನರ್ ಟ್ರಾನ್ಸ್‌ಶಿಪ್‌ಮೆಂಟ್ ವಿದೇಶಿ ಕಂಪನಿಗಳ ಕೈಯಲ್ಲೇ ಇನ್ನಷ್ಟು ವರ್ಷ ಉಳಿಯುವುದು ಬಹುಮಟ್ಟಿಗೆ ಖಚಿತ. ಕಲ್ಲಿದ್ದಲು, ತೈಲ, ಸಿಮೆಂಟಿನಂಥ ರಾಶಿ ಸರಕಿನಲ್ಲಿ ಭಾರತದ ಹಡಗುಗಳಿಗೆ ಆದ್ಯತೆ ಮುಂದುವರಿಯುತ್ತದೆ. ವಿದೇಶಿ ಹಡಗು ಕಂಪನಿಗಳಿಗೆ ದೇಶ ವರ್ಷಕ್ಕೆ ಸುಮಾರು 6 ಲಕ್ಷ ಕೋಟಿ ರೂಪಾಯಿ ಕೊಡುತ್ತಿದೆ ಎಂದು ಪ್ರಧಾನಿ 2025ರ ಸೆಪ್ಟೆಂಬರಿನಲ್ಲಿ ಭಾವನಗರದಲ್ಲಿ ಹೇಳಿದರಲ್ಲ, ಅದು ಬಹುತೇಕ ಆಮದು-ರಫ್ತಿನ ಬಾಡಿಗೆ. ಕರಾವಳಿಗೆ ಬೀಗ ಹಾಕಿದರೆ ಆ ಮೊತ್ತ ಕರಗುವುದಿಲ್ಲ. ಈ ಎರಡನ್ನೂ ಬೆರೆಸಿ ಮಾತಾಡುವುದು ಈಗಾಗಲೇ ಶುರುವಾಗಿದೆ.

ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು (ಸಾಂಪ್ರದಾಯಿಕ ಸರಕು ದೋಣಿಗಳು) ಇವತ್ತಿಗೂ ತರಕಾರಿ, ಸಿಮೆಂಟು, ಜಲ್ಲಿ ತುಂಬಿಸಿಕೊಳ್ಳುತ್ತವೆ. ಆ ದಾರಿಯಲ್ಲಿ ವಿದೇಶಿ ಸ್ಪರ್ಧಿ ಯಾರೂ ಇಲ್ಲ, ಹಿಂದೆಯೂ ಇರಲಿಲ್ಲ. ಮಳೆಗಾಲ ಬಂತೆಂದರೆ ನಾಲ್ಕು ತಿಂಗಳು ಅವುಗಳ ಓಡಾಟ ಬಂದ್. ಹೊಸ ಕಾಯ್ದೆ ಭಾರತೀಯ ಹಡಗುಗಳಿಗೆ ಪರವಾನಗಿಯ ಕಾಟ ತಪ್ಪಿಸಿದೆ. ಆದರೆ ಅಳಿವೆಯ ಹೂಳೆತ್ತುವುದು, ದಕ್ಕೆಗೆ ಕ್ರೇನ್ ತರುವುದು, ಮಳೆಗಾಲದಲ್ಲೂ ಓಡಬಲ್ಲ ಸಣ್ಣ ಹಡಗಿಗೆ ಸಾಲ ಸಿಗುವಂತೆ ಮಾಡುವುದು ಕಾಯ್ದೆಯ ಕೆಲಸವಲ್ಲ. ಎರಡು ವರ್ಷದೊಳಗೆ ಬರಬೇಕಾದ ಆ ರಾಷ್ಟ್ರೀಯ ಯೋಜನೆಯಲ್ಲಿ ಇಂಥ ಸಣ್ಣ ಬಂದರುಗಳಿಗೆ ಎಷ್ಟು ಪುಟ ಸಿಗುತ್ತದೆ ಎಂಬುದನ್ನು ಕರಾವಳಿಯವರು ಮೊದಲು ನೋಡಬೇಕು.